ಬರಿ ಕಬ್ಬಿಣದ ಮೇಲೆ ಪಾಲಮ್ಮನ ಕೈ

ಬಣ್ಣದ ಅಂಗಡಿಗೆ ಬರುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಕೇಳುವುದು ಮೇಲಿನ ಬಣ್ಣವನ್ನೇ. ನೀಲಿಯಲ್ಲಿ ಎಂಥದಿದೆ, ಹಸಿರು ಹೊಳೆಯುತ್ತದಾ, ಪಕ್ಕದ ಮನೆಯ ಗೇಟಿಗಿಂತ ನಮ್ಮದು ಜಾಸ್ತಿ ಮಿಂಚುತ್ತದಾ. ಅದರ ಕೆಳಗೆ ಯಾವ ಪ್ರೈಮರ್ ಹಾಕುತ್ತೀರಿ ಎಂದು ನಾನು ಕೇಳಿದರೆ ಮುಖ ಸಿಂಡರಿಸುತ್ತಾರೆ. ಅಂಗಡಿಯವನು ಇನ್ನೊಂದು ಡಬ್ಬ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂದು ಅವರ ಲೆಕ್ಕ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಈ ಮುಖಗಳನ್ನೇ ನೋಡಿ ನನಗೆ ಜನರ ಮೇಲೆ ಒಂದು ಸಣ್ಣ ಸಿಟ್ಟು ಕಾಯಂ ಆಗಿಬಿಟ್ಟಿದೆ. ಕೃಷ್ಣಮೂರ್ತಿ ಸಿಡುಕ ಎಂದು ಊರಲ್ಲಿ ಹೇಳುತ್ತಾರೆ. ಹೇಳಲಿ. ವರ್ಷ ತುಂಬುವುದರೊಳಗೆ ಬಣ್ಣ ಎದ್ದಾಗ ಬಯ್ಯಿಸಿಕೊಳ್ಳುವವನು ನಾನು.

ಪಾಲಮ್ಮನೂ ಮೊದಲ ಸಲ ಬಂದಾಗ ನನ್ನ ತಲೆ ಕೆಡಿಸಿದವಳೇ. ಏಳು ವರ್ಷದ ಹಿಂದಿನ ಮಾತು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ಲು ಸುತ್ತಿಕೊಂಡ ಹೆಂಗಸೊಬ್ಬಳು ಹಿಂದಿನ ದಿನ ನಾನೇ ಎದುರಿನ ವೆಲ್ಡಿಂಗ್ ಶೆಡ್ಡಿಗೆ ಕೊಟ್ಟಿದ್ದ ಥಿನ್ನರ್ ಡಬ್ಬವನ್ನು ತಂದು ಗಲ್ಲಾದ ಮುಂದೆ ಇಟ್ಟಳು. ಜೊತೆಗೆ ಅಂಗೈಯಗಲದ ಒಂದು ತಗಡಿನ ತುಂಡು. ಅದರ ಮೇಲೆ ಎರಡು ಹನಿ ಥಿನ್ನರ್ ಬಿಟ್ಟು, ಆರುವ ತನಕ ನಿಂತುಕೊಂಡಳು. ಹಿಂದೆ ಇನ್ನೂ ನಾಲ್ಕು ಗಿರಾಕಿಗಳು ಕಾಯುತ್ತಿದ್ದರು. ಹನಿ ಆರಿದ ಮೇಲೆ ಅಲ್ಲಿ ಜಿಡ್ಡಿನ ಒಂದು ಉಂಗುರ ಉಳಿಯಿತು. ಇದರಲ್ಲಿ ಸೀಮೆಎಣ್ಣೆ ಬೆರೆತಿದೆ, ಇದರಿಂದ ಕಬ್ಬಿಣ ಒರೆಸುವುದೂ ಒಂದೇ, ಎಣ್ಣೆ ಬಳಿಯುವುದೂ ಒಂದೇ ಎಂದಳು. ನಾನು ಸಿಟ್ಟಿನಿಂದ ಬೇರೆ ಡಬ್ಬ ತೆಗೆದು ಕೊಟ್ಟೆ. ಅದನ್ನೂ ಎರಡು ಹನಿ ಬಿಟ್ಟು ನೋಡಿ, ತಲೆಯಾಡಿಸಿ ಹೋದಳು. ಆ ಥಿನ್ನರ್ ಕೊಡುತ್ತಿದ್ದವನನ್ನು ನಾನು ಅದೇ ವಾರ ಬಿಟ್ಟೆ. ಅಂದಿನಿಂದ ಹೊಸ ಮಾಲು ಬಂದರೆ ನಾನೂ ಒಂದು ತಗಡಿನ ಮೇಲೆ ಎರಡು ಹನಿ ಬಿಟ್ಟು ನೋಡುತ್ತೇನೆ.

ಪಾಲಮ್ಮ ಪರಶುರಾಂಪುರದ ಆಚೆಯ ಒಂದು ಹಟ್ಟಿಯವಳು. ಕುರಿ ಕಾಯುವ ಮನೆ. ಆ ಕಡೆ ಒಬ್ಬೊಬ್ಬರ ಮಂದೆಗೂ ಒಂದೊಂದು ಗುರುತು. ಒಬ್ಬರು ಬೆನ್ನಿನ ಮೇಲೆ ಕೆಂಪು ಗೀಟು ಎಳೆದರೆ ಇನ್ನೊಬ್ಬರು ತೊಡೆಯ ಮೇಲೆ ಬೊಟ್ಟು ಇಡುತ್ತಾರೆ. ಎರಡು ಮಂದೆ ಬೆರೆತಾಗ ಆ ಗುರುತು ಅಳಿಸಿದ್ದರೆ ಯಾರ ಕುರಿ ಯಾರದು ಎಂದು ಹಟ್ಟಿ ಹಟ್ಟಿಗೇ ಜಗಳ. ಎಂಟು ವರ್ಷದ ಪಾಲಮ್ಮನಿಗೆ ಅಪ್ಪ ವಹಿಸಿದ್ದು ಮರಿಗಳಿಗೆ ಗುರುತು ಹಾಕುವ ಕೆಲಸ. ಕುರಿಯ ತುಪ್ಪಟದಲ್ಲಿ ಜಿಡ್ಡಿರುತ್ತದೆ. ಮೊದಲು ಒಣ ಬೂದಿ ಹಾಕಿ ತಿಕ್ಕಿ ಆ ಜಿಡ್ಡು ತೆಗೆಯಬೇಕು, ಆಮೇಲೆ ಬಣ್ಣ. ಬೂದಿ ತಿಕ್ಕದೆ ಗುರುತು ಹಾಕಿದ ಒಂದು ಸಲ ಮೂರು ಮರಿ ಕೈಬಿಟ್ಟು ಹೋದವಂತೆ, ಅಪ್ಪನ ಕೈಲಿ ಏಟು ತಿಂದಳಂತೆ. ಅವಳ ವಿದ್ಯೆ ಶುರುವಾದದ್ದು ಅಲ್ಲಿ. ಶಾಲೆಯದ್ದು ನಾಲ್ಕನೇ ಕ್ಲಾಸಿಗೆ ಮುಗಿಯಿತು.

ಮದುವೆಯಾಗಿ ಚಳ್ಳಕೆರೆಗೆ ಬಂದಳು. ಗಂಡ ಕ್ಯಾತಪ್ಪ ಗೂಡ್ಸ್ ಆಟೋ ಓಡಿಸುತ್ತಾನೆ, ಮಾತು ಕಡಿಮೆಯ ಒಳ್ಳೆಯ ಮನುಷ್ಯ. ನನ್ನ ಅಂಗಡಿಯ ಎದುರಿನ ಓಣಿಯಲ್ಲಿ ಕಾಮಣ್ಣನ ವೆಲ್ಡಿಂಗ್ ಶೆಡ್ಡಿದೆ. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಕಿಟಕಿಯ ಗ್ರಿಲ್ಲು ಎಲ್ಲ ಅಲ್ಲಿ ಆಗುತ್ತವೆ. ಪಾಲಮ್ಮ ಅಲ್ಲಿ ತಿಕ್ಕುವ ಕೆಲಸಕ್ಕೆ ಸೇರಿದಳು. ವೆಲ್ಡಿಂಗಿನ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯುವುದು, ತಂತಿ ಬ್ರಷ್ಷಿನಿಂದ ತುಕ್ಕು ಉದುರಿಸುವುದು, ಎಮರಿ ಕಾಗದ ಹಾಕಿ ಉಜ್ಜುವುದು. ಐದು ವರ್ಷ ಇದೇ. ಆಗ ಅಲ್ಲಿದ್ದ ಪೇಂಟರ್ ಮಹಾಶಯ ಅವಳು ಉಜ್ಜಿ ಮುಗಿಸುವ ತನಕವೂ ಕಾಯುತ್ತಿರಲಿಲ್ಲ, ತುಕ್ಕಿನ ಮೇಲೆಯೇ ಬಳಿದು ಬೀಡಿ ಹಚ್ಚುತ್ತಿದ್ದ. ಒಂದು ದಿನ ಹೇಳದೆ ಕೇಳದೆ ಬಳ್ಳಾರಿಗೆ ಹೋದ. ಮೂರು ಟ್ರೇಲರ್ ಬಾಕಿ ನಿಂತಿದ್ದವು. ಬೇರೆಯವನು ಸಿಗುವ ತನಕ ನೀನೇ ಪ್ರೈಮರ್ ಹಾಕು ಎಂದು ಕಾಮಣ್ಣ ಬ್ರಷ್ ಕೈಗೆ ಕೊಟ್ಟ. ಬೇರೆಯವನು ಸಿಗಲಿಲ್ಲ, ಅಥವಾ ಕಾಮಣ್ಣ ಹುಡುಕಲಿಲ್ಲ.

ಬರಿ ಕಬ್ಬಿಣ ನೋಡುವುದಕ್ಕೆ ಶುದ್ಧವಾಗಿಯೇ ಕಾಣುತ್ತದೆ. ಅದು ಶುದ್ಧವಲ್ಲ ಎಂದು ಪಾಲಮ್ಮನಿಗೆ ಗೊತ್ತು. ಕಾರ್ಖಾನೆಯಿಂದ ಬರುವಾಗಲೇ ಅದಕ್ಕೆ ಎಣ್ಣೆ ಸವರಿರುತ್ತಾರೆ. ಆಮೇಲೆ ಹತ್ತು ಜನರ ಬೆವರು ಕೈ. ನಮ್ಮ ಊರಿನಲ್ಲಿ ಎಣ್ಣೆ ಗಿರಣಿಗಳು ಬೇರೆ, ಸುಮ್ಮನೆ ನಿಲ್ಲಿಸಿದ ತಗಡಿಗೂ ಒಂದು ತೆಳು ಜಿಡ್ಡು ಹತ್ತುತ್ತದೆ. ಅವಳು ಉಜ್ಜಿದ ಮೇಲೆ ಥಿನ್ನರಿನಲ್ಲಿ ಒಂದು ಸಲ ಒರೆಸುತ್ತಾಳೆ, ಬಟ್ಟೆ ಬದಲಿಸಿ ಇನ್ನೊಂದು ಸಲ ಒರೆಸುತ್ತಾಳೆ. ಎರಡನೆಯ ಬಟ್ಟೆ ಬೆಳ್ಳಗೇ ಉಳಿದರೆ ಮುಂದಕ್ಕೆ. ಒರೆಸಿದ ಕಬ್ಬಿಣವನ್ನು ಯಾರೂ ಬರಿಗೈಲಿ ಮುಟ್ಟುವಂತಿಲ್ಲ, ಕಾಮಣ್ಣನೂ ಸೇರಿ. ಕೆಲಸದ ದಿನ ತಲೆಗೆ ಎಣ್ಣೆ ಹಚ್ಚುವುದಿಲ್ಲ. ಹತ್ತು ಗಂಟೆಯ ಮೇಲೆ ನಮ್ಮ ಬಯಲಿನ ಗಾಳಿ ಧೂಳು ಹೊತ್ತು ತರುತ್ತದೆಂದು ಅಷ್ಟರೊಳಗೆ ಮೊದಲ ಕೋಟು ಮುಗಿಸುತ್ತಾಳೆ. ಒರೆಸಿದ ಕಬ್ಬಿಣವನ್ನು ಬರಿಮೈಯಲ್ಲಿ ಒಂದು ರಾತ್ರಿಯೂ ಬಿಡುವುದಿಲ್ಲ. ಇವಳ ಮಡಿ ಪೂಜಾರಪ್ಪನ ಮಡಿಗಿಂತ ಹೆಚ್ಚಾಯಿತು ಎಂದು ವೆಲ್ಡರುಗಳು ನಗುತ್ತಿದ್ದರು. ಆದರೆ ಅವಳ ಕೈಯ ಟ್ರೇಲರುಗಳು ವಾಪಸ್ಸು ಬರುತ್ತಿರಲಿಲ್ಲ.

ಟ್ರೇಲರಿನ ಹಿಂದಿನ ಕಬ್ಬಿಣದ ಹಲಗೆಯ ಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆದುಕೊಳ್ಳುವುದು ಇಲ್ಲಿನ ರೂಢಿ. ಪಾಲಮ್ಮ ನಾಲ್ಕು ವರ್ಷ ಪ್ರೈಮರ್ ಹಾಕಿದ ಮೇಲೆ ಒಂದು ದಿನ ನಾನೂ ಬರೆಯಲಾ ಎಂದು ಕೇಳಿದಳು. ಕಾಮಣ್ಣ ಬಿದ್ದು ಬಿದ್ದು ನಕ್ಕ. ಮೇಲಿನ ಬಣ್ಣ ಸ್ಪ್ರೇ ಹೊಡೆಯುವುದಕ್ಕೆ ಅವನು ದಿನಗೂಲಿಗೆ ಯಾರನ್ನೋ ಕರೆಸುತ್ತಿದ್ದ, ಹೆಸರು ಅವರದ್ದು ಬೀಳುತ್ತಿತ್ತು. ಪ್ರೈಮರ್ ಯಾರ ಕಣ್ಣಿಗೆ ಕಾಣುತ್ತದೆ, ಕಾಣದ್ದಕ್ಕೆ ಹೆಸರು ಯಾಕೆ ಎಂದ. ಪಾಲಮ್ಮ ಅದನ್ನು ಮರೆಯಲಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ಆ ವಾರ ಅವಳು ನನ್ನ ಅಂಗಡಿಯಲ್ಲಿ ಸ್ಪ್ರೇ ಗನ್ನಿನ ಬಗ್ಗೆ ಒಂದು ತಾಸು ಪ್ರಶ್ನೆ ಕೇಳಿದಳು. ಒಂದೇ ವರ್ಷದಲ್ಲಿ ಅದನ್ನೂ ಕಲಿತಳು.

ಎರಡು ವರ್ಷದ ಹಿಂದೆ ಮೊಳಕಾಲ್ಮೂರಿನಿಂದ ಒಂದು ಕೆಲಸ ಬಂತು. ಗುರುಸ್ವಾಮಿ ಎಂಬ ನೇಕಾರರು, ಮನೆಯಲ್ಲಿ ರೇಷ್ಮೆ ಸೀರೆ ನೇಯುವವರು. ಅವರ ಓಣಿಯ ಹಳೆಯ ಮರದ ಮಗ್ಗಗಳಿಗೆ ಗೆದ್ದಲು ಹತ್ತಿತ್ತು. ಎಂಟು ಮನೆಗಳವರು ಸೇರಿ ಕಬ್ಬಿಣದ ಚೌಕಟ್ಟು ಮಾಡಿಸಲು ಹೊರಟಿದ್ದರು. ಈ ಕೆಲಸದಲ್ಲಿ ಉಜ್ಜುವುದರಿಂದ ಹಿಡಿದು ಕೊನೆಯ ಬಣ್ಣದ ತನಕ ಎಲ್ಲವೂ ನಿನ್ನದೇ, ಸರಿಯಾಗಿ ಮಾಡಿದರೆ ಇನ್ನು ಮುಂದೆ ಈ ಶೆಡ್ಡಿನ ಪೇಂಟರ್ ನೀನೇ ಎಂದು ಕಾಮಣ್ಣ ಪಾಲಮ್ಮನಿಗೆ ಮಾತು ಕೊಟ್ಟ. ಹತ್ತು ವರ್ಷದಿಂದ ಬಗ್ಗಿ ಉಜ್ಜಿದವಳಿಗೆ ಆ ಮಾತು ಎಷ್ಟು ದೊಡ್ಡದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಷಾಢದ ಒಂದು ಗುರುವಾರ ಗುರುಸ್ವಾಮಿ ಶೆಡ್ಡು ನೋಡಲು ಬಂದರು. ಅವರಿಗೆ ಬಣ್ಣ ತೋರಿಸಲೆಂದು ಕಾಮಣ್ಣ ನನ್ನನ್ನೂ ಕರೆಸಿದ್ದ. ಮಾತು ಅರ್ಧಕ್ಕೆ ಬಂದಿರಬೇಕು, ಆಗಲೇ ಒಂದು ಟ್ರ್ಯಾಕ್ಟರ್ ಟ್ರೇಲರ್ ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತಿತು. ಪರಶುರಾಂಪುರದ ಕಡೆಯ ಚಿಕ್ಕೀರಪ್ಪನ ಟ್ರೇಲರ್. ಯುಗಾದಿಗೆ ಮುಂಚೆ ಇದೇ ಶೆಡ್ಡಿನಿಂದ ಹೋಗಿದ್ದು, ನಾಲ್ಕು ತಿಂಗಳೂ ತುಂಬಿರಲಿಲ್ಲ. ಮುಂದಿನ ನೀಲಿ ಹಲಗೆಯಲ್ಲಿ ಐದು ಕಡೆ ಬಣ್ಣ ಎದ್ದು ಕೆಳಗೆ ತುಕ್ಕು ಕಾಣುತ್ತಿತ್ತು. ಸುಮ್ಮನೆ ಎದ್ದಿದ್ದರೆ ಬೇರೆ ಮಾತು. ಒಂದೊಂದೂ ಅಂಗೈಯ ಆಕಾರದಲ್ಲಿತ್ತು, ಬೆರಳು ಐದೂ ಎಣಿಸುವ ಹಾಗೆ. ನೀಲಿ ಹಲಗೆಯ ಮೇಲೆ ಐದು ತುಕ್ಕಿನ ಕೈಗಳು.

ಕಾಮಣ್ಣ ಮೊದಲು ನನ್ನ ಮೇಲೆ ಹರಿಹಾಯ್ದ, ನಿನ್ನ ಪ್ರೈಮರೇ ಖೋಟಾ ಎಂದು. ನಾನೂ ಬಿಡಲಿಲ್ಲ, ಅದೇ ಡಬ್ಬದ ಪ್ರೈಮರ್ ಹಲಗೆಯ ಉಳಿದ ಕಡೆ ಕಲ್ಲಿನ ಹಾಗೆ ಕೂತಿದೆಯಲ್ಲ ಎಂದೆ. ಆಗ ಸಿಟ್ಟು ಪಾಲಮ್ಮನ ಕಡೆ ತಿರುಗಿತು. ಅವಳು ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹಲಗೆಯ ಮುಂದೆ ಕೂತು, ಉಗುರಿನಿಂದ ಬಣ್ಣದ ಒಂದು ಚಕ್ಕೆ ಎಬ್ಬಿಸಿದಳು. ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಬಂತು. ಅದನ್ನು ತಿರುಗಿಸಿ ಮೂಸಿ ನೋಡಿ, ಸೆರಗಿಗೆ ಕಟ್ಟಿಕೊಂಡಳು.

ಗುರುಸ್ವಾಮಿ ಗಲಾಟೆ ಮಾಡುವ ಮನುಷ್ಯರಲ್ಲ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಎರಡೂ ಬೆರೆಸಿ ಮೆಲ್ಲಗೆ ಮಾತಾಡುತ್ತಾರೆ. "ಸೀರೆ ಮೇಲೆ ಜಂಗಿನ ಮರಕ ಒಂದು ಬಿತ್ತು ಅಂದ್ರೆ ಒಂದು ತಿಂಗಳ ನೇಯ್ಗೆ ನೀರಾಗೆ ಹೋದಂಗೆ ಕಾಮಣ್ಣಾರೆ. ಈ ಕೈನ ನಂಬಿ ನಾನು ಎಂಟು ಮನೆಯೋರಿಗೆ ಏನು ಹೇಳ್ಲಿ?" ಎಂದರು. ಅವರ ಕಡೆ ಜಂಗು ಎಂದರೆ ತುಕ್ಕು, ಮರಕ ಎಂದರೆ ಕಲೆ. ಮುಂದಿನ ಗುರುವಾರ ಬರುತ್ತೇನೆ, ಅಷ್ಟರಲ್ಲಿ ಯಾರು ಬಣ್ಣ ಹಾಕುತ್ತಾರೆ ಎಂದು ಗಟ್ಟಿಮಾಡಿ ಎಂದು ಹೇಳಿ ಬಸ್ಸಿಗೆ ಹೊರಟರು. ಕಾಮಣ್ಣ ಅವರ ಎದುರಿಗೇ ಚಿತ್ರದುರ್ಗದಿಂದ ಬೇರೆ ಪೇಂಟರನ್ನು ಕರೆಸುವುದಾಗಿ ಹೇಳಿದ. ಪಾಲಮ್ಮನಿಗೆ ಹೇಳಿದ್ದು ಒಂದೇ ಮಾತು, ನಾಳೆಯಿಂದ ನೀನು ಬ್ರಷ್ ಮುಟ್ಟಬೇಡ, ತಿಕ್ಕುವುದಿದ್ದರೆ ತಿಕ್ಕು.

ಸಂಜೆ ಅವಳು ನನ್ನ ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಆ ಚಕ್ಕೆಯನ್ನು ಗಲ್ಲಾದ ಮೇಲಿಟ್ಟಳು. ಕೆಂಪು ಪ್ರೈಮರಿನ ಅಡಿಭಾಗಕ್ಕೆ ಹಳದಿ ಪುಡಿ ಮೆತ್ತಿಕೊಂಡಿತ್ತು. ಅರಿಶಿನ, ಕಡಲೆಕಾಯಿ ಎಣ್ಣೆಯಲ್ಲಿ ಕಲಸಿದ್ದು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಚಿಕ್ಕೀರಪ್ಪನ ಹಟ್ಟಿಯಲ್ಲಿ ಒಂದು ಪದ್ಧತಿಯಿದೆ. ಮನೆಗೆ ಹೊಸ ಬಂಡಿ ಬರುವಾಗ ಯಾವ ಬಣ್ಣವೂ ತಾಗುವುದಕ್ಕೆ ಮುಂಚೆ, ಬರಿ ಕಬ್ಬಿಣಕ್ಕೆ ಮನೆಯ ಹಿರಿಯರ ಕೈಯ ಎಣ್ಣೆ ಅರಿಶಿನ ಬೀಳಬೇಕು. ಮದುವಣಗಿತ್ತಿಗೆ ಹಚ್ಚುವ ಹಾಗೆ. ಚಿಕ್ಕೀರಪ್ಪನ ತಾಯಿ ಸೂರಮ್ಮ, ಎಂಬತ್ತು ದಾಟಿದ ಅಜ್ಜಿ, ಅಷ್ಟು ದೂರದಿಂದ ಬಂದು ಹಲಗೆಯ ಮೇಲೆ ಐದು ಕೈ ಒತ್ತಿ, ಕಣ್ಣು ಮುಚ್ಚಿ ನಿಂತು ಹೋಗಿದ್ದಳು. ಅಜ್ಜಿ ಹೋದ ಮೇಲೆ ಪಾಲಮ್ಮ ಹಲಗೆಯನ್ನೆಲ್ಲ ಒರೆಸಿದಳು. ಆ ಐದು ಕೈಗಳ ಹತ್ತಿರ ಬಂದಾಗ ಬಟ್ಟೆ ನಿಂತಿತು.

"ಜಿಡ್ಡಿನ ಮ್ಯಾಲೆ ಪ್ರೈಮರು ಕೂರಲ್ಲ ಅಂತ ನಂಗೆ ಗೊತ್ತಿತ್ತಣ್ಣ. ಗೊತ್ತಿದ್ದೂ ಅಜ್ಜಿ ಇಟ್ಟಿದ್ದ ಅರಿಶಿನಕ್ಕೆ ತಿನ್ನರು ಹಾಕಾಕೆ ಕೈ ಬರ್ಲಿಲ್ಲ. ಎರಡು ಕೋಟು ಜಾಸ್ತಿ ಹೊಡೆದು ಮುಚ್ಚಿಬಿಟ್ಟೆ."

ನಾನು ವ್ಯಾಪಾರದವನು. ಇದರಲ್ಲಿ ನಿನ್ನ ತಪ್ಪೇನು, ಎಣ್ಣೆ ಬಳಿದದ್ದು ಅವರು, ಆ ಚಕ್ಕೆಯನ್ನು ಕಾಮಣ್ಣನ ಮುಂದಿಟ್ಟು ಅವರ ಪೂಜೆಯಿಂದಲೇ ಹೀಗಾಯಿತು ಎಂದು ಹೇಳಿ ಬಚಾವಾಗು ಎಂದೆ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಮಾಡಬೇಕಾದ್ದನ್ನು ಅವರು ಮಾಡಿದರು, ಕಬ್ಬಿಣದ ವಿಷಯ ಗೊತ್ತಿರಬೇಕಾದವಳು ನಾನು ಎಂದಳು ಪಾಲಮ್ಮ. ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಎಲ್ಲ ವೆಲ್ಡರುಗಳ ಮುಂದೆ ಕಾಮಣ್ಣನಿಗೆ ಇದನ್ನೇ ಹೇಳಿದಳಂತೆ. ಹಲಗೆಯನ್ನು ಪೂರ್ತಿ ಕಬ್ಬಿಣಕ್ಕೆ ಇಳಿಸಿ ನಾನೇ ಮತ್ತೆ ಮಾಡುತ್ತೇನೆ, ತೇಪೆ ಹಾಕುವುದಿಲ್ಲ, ಗುರುವಾರದೊಳಗೆ ಮುಗಿಸುತ್ತೇನೆ ಎಂದಳಂತೆ. ತಪ್ಪು ಒಪ್ಪಿಕೊಂಡವರನ್ನು ಬಯ್ಯುವುದು ಹೇಗೆಂದು ಕಾಮಣ್ಣನಿಗೆ ಅಭ್ಯಾಸವಿರಲಿಲ್ಲ. ಮಾಡಿಕೋ, ಆದರೆ ಮಗ್ಗದ ಕೆಲಸ ನಿನಗಿಲ್ಲ ಎಂದುಬಿಟ್ಟ.

ಈಗ ಉಳಿದದ್ದು ಒಂದು ಕಷ್ಟ. ಹಲಗೆ ಮತ್ತೆ ಬರಿ ಕಬ್ಬಿಣವಾದರೆ ಸೂರಮ್ಮ ಮತ್ತೆ ಅರಿಶಿನ ಹಚ್ಚದೆ ಬಿಡುವುದಿಲ್ಲ. ಹಚ್ಚಿದ್ದನ್ನು ಬಿಟ್ಟರೆ ಬಣ್ಣ ಏಳುತ್ತದೆ. ಅಜ್ಜಿಗೆ ಗೊತ್ತಿಲ್ಲದ ಹಾಗೆ ಒರೆಸಿಬಿಡು ಎಂದು ವೆಲ್ಡರೊಬ್ಬ ಸಲಹೆ ಕೊಟ್ಟ. ಕದ್ದು ಮುಚ್ಚಿಯೇ ಈ ಗತಿಯಾಗಿದೆ ಎಂದು ಪಾಲಮ್ಮ ಅವನ ಬಾಯಿ ಮುಚ್ಚಿಸಿದಳು. ಶನಿವಾರ ನನಗೆ ಪರಶುರಾಂಪುರದಲ್ಲಿ ಬಣ್ಣ ಇಳಿಸುವುದಿತ್ತು. ನಾನೂ ಬರುತ್ತೇನೆ ಎಂದು ಪಾಲಮ್ಮ ಬೈಕಿನ ಹಿಂದೆ ಎರಡು ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಾಮಣ್ಣನಿಗೆ ಹೆದರದವಳು ಆ ಅಜ್ಜಿಗೆ ಹೆದರಿದ್ದಳು.

ಹಟ್ಟಿಯಲ್ಲಿ ಸೂರಮ್ಮ ಗೋಡೆಗೊರಗಿ ಕೂತಿದ್ದಳು. ನಮಗೆ ಮಜ್ಜಿಗೆ ಕೊಡಿಸಿದಳು, ಆದರೆ ಪಾಲಮ್ಮನ ಮುಖ ನೋಡಲಿಲ್ಲ. ಯಾಕೆಂದು ಸ್ವಲ್ಪ ಹೊತ್ತಿಗೆ ತಿಳಿಯಿತು. ಬಣ್ಣ ಎದ್ದದ್ದು ಸರಿಯಾಗಿ ಅವಳ ಕೈ ಬಿದ್ದ ಕಡೆ ಎಂದು ಹಟ್ಟಿಯೆಲ್ಲ ನೋಡಿತ್ತು. ಗಂಡ ಸತ್ತವಳು ಅರಿಶಿನ ಮುಟ್ಟಿದ್ದಕ್ಕೆ ಹೀಗಾಯಿತು ಎಂದು ಯಾರೋ ಅಂದಿದ್ದರು. ಅಂದಿನಿಂದ ಅಜ್ಜಿ ಮೊಮ್ಮಗಳ ಮಗುವನ್ನೂ ಎತ್ತಿಕೊಂಡಿರಲಿಲ್ಲ. ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದಳು. ಆ ಮಾತು ಆಡಿದವರು ಯಾರೆಂದು ತಿಳಿದಿದ್ದರೆ ಅಲ್ಲೇ ಎರಡು ಬಿಡುತ್ತಿದ್ದೆನೇನೋ.

ಪಾಲಮ್ಮ ಎದ್ದು ಹೋಗಿ ಅಜ್ಜಿಯ ಎದುರಿಗೆ ಮಂಡಿಯೂರಿ ಕೂತಳು. ಸೆರಗಿನೊಳಗಿನ ಕೈಗಳನ್ನು ಹೊರಗೆ ಎಳೆದು ಹಿಡಿದುಕೊಂಡಳು.

"ನಿನ್ನ ಕೈ ಅಲ್ಲಜ್ಜಿ, ನನ್ನ ಕೈ. ಎಣ್ಣೆ ಇರೋ ಕಡೆ ಬಣ್ಣ ನಿಲ್ಲಲ್ಲ, ಅದು ಕಬ್ಬಿಣದ ಗುಣ. ಒರೆಸಬೇಕಾದೋಳು ನಾನು, ಒರೆಸ್ಲಿಲ್ಲ. ಅರಿಶಿನ ಹಚ್ಚಿದ ಮದಲಗಿತ್ತಿಗೆ ನೀರು ಹಾಕ್ದೆ ಸೀರೆ ಉಡಿಸ್ತಾರಾ? ನಾನು ಉಡಿಸಿಬಿಟ್ಟೆ."

ಅಜ್ಜಿ, ನೀನೂ ಈ ಕಡೆಯ ಕುರಿ ಹಟ್ಟಿಯವಳೇ ತಾನೆ, ಕುರಿಗೆ ಗುರುತು ಹಾಕುವಾಗ ಬೂದಿ ತಿಕ್ಕುವುದನ್ನು ನೀನು ಯಾರಿಂದ ಕಲಿತದ್ದು ಎಂದು ಕೇಳಿದಳು. ಪಾಲಮ್ಮ ಅಪ್ಪನ ಹೆಸರು ಹೇಳಿದಳು, ಹಟ್ಟಿಯ ಹೆಸರು ಹೇಳಿದಳು. ಅವನ ಮಗಳಾಗಿ ಇಷ್ಟು ಮರೆತೆಯಾ ಎಂದು ಅಜ್ಜಿ ಗದರಿದಳು. ಗದರಿದ್ದು ಕೇಳಿ ನನಗೆ ಜೀವ ಬಂದಂತಾಯಿತು. ಭಾನುವಾರ ಬರುತ್ತೇನೆ, ಹಚ್ಚುವುದು ನಾನು, ನೀರು ಹಾಕುವುದು ನೀನು ಎಂದು ಅವಳೇ ಗೊತ್ತುಮಾಡಿದಳು. ನಾವು ಹೊರಡುವಾಗ ಒಳಗಿನಿಂದ ಮಗು ಅಳುವುದು ಕೇಳಿಸಿತು. ಅಜ್ಜಿ ಅದನ್ನು ಇತ್ತ ಕೊಡಿ ಎಂದು ಕೂಗಿದ್ದೂ ಕೇಳಿಸಿತು.

ಭಾನುವಾರ ಬೆಳಗ್ಗೆ ಏಳಕ್ಕೆ ಪಾಲಮ್ಮ ಹಲಗೆಯನ್ನು ಪೂರ್ತಿ ಬೆಳ್ಳಿಯ ಹಾಗೆ ಉಜ್ಜಿ ಇಟ್ಟಿದ್ದಳು. ಹಿಂದಿನ ದಿನ ಹಟ್ಟಿಯಿಂದ ಬಂದವಳು ಸಂಜೆಯ ತನಕ ಉಜ್ಜಿ, ಮತ್ತೆ ಬೆಳಕು ಹರಿಯುವ ಮೊದಲೇ ಬಂದು ಮುಗಿಸಿದ್ದಳು. ಚಿಕ್ಕೀರಪ್ಪ ತಾಯಿಯನ್ನು ಕರೆತಂದ. ಸೂರಮ್ಮ ಅರಿಶಿನದ ಬಟ್ಟಲಿಗೆ ಐದು ಸಲ ಕೈ ಅದ್ದಿ ಐದು ಕಡೆ ಒತ್ತಿದಳು, ಕಣ್ಣು ಮುಚ್ಚಿ ನಿಂತಳು. ಆಮೇಲೆ ಅವಳೇ ಸ್ವಲ್ಪ ಪಕ್ಕಕ್ಕೆ ಸರಿದು, ಹೂಂ ಹಾಕು ಎಂದಳು. ಪಾಲಮ್ಮ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು. ಹಲಗೆಯ ಹತ್ತಿರ ಹೋದ ಕೈ ಮತ್ತೆ ನಿಂತಿತು. ಸೂರಮ್ಮ ಅವಳ ಕೈಯಿಂದ ಬಟ್ಟೆ ಕಸಿದುಕೊಂಡು ಮೊದಲನೆಯ ಕೈಗುರುತನ್ನು ತಾನೇ ಒರೆಸಿದಳು. ಉಳಿದ ನಾಲ್ಕನ್ನು ನೀನು ಒರೆಸು, ನನಗೆ ಬೆನ್ನು ನೋಯುತ್ತದೆ ಎಂದು ಬಟ್ಟೆ ವಾಪಸ್ಸು ಕೊಟ್ಟಳು.

ಆಮೇಲೆ ಪಾಲಮ್ಮ ಯಾರ ಕಡೆಯೂ ನೋಡಲಿಲ್ಲ. ಸೋಪಿನ ನೀರು, ಒಣ ಬಟ್ಟೆ, ಥಿನ್ನರ್, ಮತ್ತೆ ಥಿನ್ನರ್. ಕೊನೆಯ ಬಟ್ಟೆಯನ್ನು ಅಜ್ಜಿಯ ಮುಂದೆ ಬಿಡಿಸಿ ತೋರಿಸಿದಳು, ಬೆಳ್ಳಗಿತ್ತು. ಗಾಳಿ ಏಳುವ ಮುಂಚೆ ಮೊದಲ ಕೋಟು ಕೆಂಪಗೆ ಕೂತಿತು. ಮರುದಿನ ಎರಡನೆಯ ಕೋಟು.

ಅದು ಆರಿದ ಮೇಲೆ, ಸೋಮವಾರ ಮಧ್ಯಾಹ್ನ, ಅವಳು ನನ್ನ ಅಂಗಡಿಗೆ ಬಂದು ಕಾಲು ಲೀಟರ್ ಹಳದಿ ಪ್ರೈಮರ್ ಮತ್ತು ಅಕ್ಷರ ಬರೆಯುವ ಸಣ್ಣ ಬ್ರಷ್ ಕೇಳಿದಳು. ಏತಕ್ಕೆ ಎಂದು ಕುತೂಹಲವಾಗಿ ನಾನೂ ಹಿಂದೆ ಹೋದೆ. ಕಾಮಣ್ಣ ಊಟಕ್ಕೆ ಹೋಗಿದ್ದ. ಪಾಲಮ್ಮ ಹಲಗೆಯ ನಟ್ಟನಡುವೆ, ಅಜ್ಜಿಯ ಮೊದಲ ಕೈಗುರುತು ಇದ್ದ ಜಾಗದಲ್ಲಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಪಾಲಮ್ಮ. ನಾಳೆ ಇದರ ಮೇಲೆ ನೀಲಿ ಬೀಳುತ್ತದಲ್ಲ, ಯಾರಿಗೆ ಕಾಣಲು ಬರೆಯುತ್ತಿದ್ದೀಯ ಎಂದೆ.

"ಬಣ್ಣ ಎದ್ದರೆ ಕಾಣ್ತೈತೆ. ಯಾರನ್ನ ಕೇಳ್ಬೇಕು ಅಂತ ಆಗ ಎಲ್ಲಾರಿಗೂ ಗೊತ್ತಾಗ್ಲಿ" ಎಂದಳು.

ಗುರುವಾರ ಗುರುಸ್ವಾಮಿ ಬಂದಾಗ ಹಲಗೆ ನೀಲಿಯಾಗಿ ನಿಂತಿತ್ತು. ನಡೆದದ್ದನ್ನೆಲ್ಲ ಪಾಲಮ್ಮನೇ ಮೊದಲಿನಿಂದ ಹೇಳಿದಳು, ತನ್ನ ತಪ್ಪೂ ಸೇರಿ. ಗುರುಸ್ವಾಮಿ ಚೀಲದಿಂದ ಬಿಳಿ ರೇಷ್ಮೆಯ ಎರಡು ಚೂರು ತೆಗೆದು ನೀರಿನಲ್ಲಿ ಅದ್ದಿದರು. ಒಂದನ್ನು ಆ ನೀಲಿ ಹಲಗೆಗೆ ಒತ್ತಿ ಕಟ್ಟಿಸಿದರು, ಇನ್ನೊಂದನ್ನು ಮೂಲೆಯಲ್ಲಿ ಬಿದ್ದಿದ್ದ ಬರಿ ಕಬ್ಬಿಣದ ಪಟ್ಟಿಗೆ ಸುತ್ತಿದರು. ಪೇಟೆಯಲ್ಲಿ ತಮ್ಮ ಕೆಲಸ ಮುಗಿಸಿ ಸಂಜೆ ಐದಕ್ಕೆ ಬಂದರು. ಅಷ್ಟು ಹೊತ್ತೂ ಪಾಲಮ್ಮ ಒಂದು ಗೇಟಿನ ತುಕ್ಕು ಉಜ್ಜುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಪಟ್ಟಿಗೆ ಸುತ್ತಿದ ಚೂರು ಕಂದಾಗಿತ್ತು. ಹಲಗೆಯದ್ದು ಬೆಳ್ಳಗೇ ಇತ್ತು. ಗುರುಸ್ವಾಮಿ ಜೇಬಿನಿಂದ ಚಾಕು ತೆಗೆದು ಹಲಗೆಯ ಅಂಚಿನಲ್ಲಿ ಅಡ್ಡ ಉದ್ದ ಗೀಚಿ ಉಗುರು ಹಾಕಿ ನೋಡಿದರು. ಚೂರೂ ಏಳಲಿಲ್ಲ.

ಮಗ್ಗಕ್ಕೂ ನಮ್ಮ ಮನೆಯ ಹೆಂಗಸರು ಅರಿಶಿನ ಹಚ್ಚುತ್ತಾರಮ್ಮ, ಅದಕ್ಕೇನು ಮಾಡುತ್ತೀಯ ಎಂದು ಕೇಳಿದರು. ಹಚ್ಚಲಿ ಸ್ವಾಮಿ, ನಾನೇ ಮೊಳಕಾಲ್ಮೂರಿಗೆ ಬಂದು ಅವರ ಕಣ್ಣ ಮುಂದೆ ಒರೆಸಿ ಪ್ರೈಮರ್ ಹಾಕುತ್ತೇನೆ ಎಂದಳು ಪಾಲಮ್ಮ. ಕಾಮಣ್ಣ ನಡುವೆ ಬಾಯಿ ಹಾಕಿದ, ಚಿತ್ರದುರ್ಗದ ಪೇಂಟರ್ ಸೋಮವಾರ ಬರುತ್ತಾನೆ, ಮಾತಾಗಿದೆ ಎಂದು.

"ಬರ್ಲಿ. ಅವರಿಗೆ ತಿಕ್ಕೋ ಕೆಲಸ ಕೊಡ್ರಿ, ಇವರ ಹತ್ರ ಕಲೀಲಿ" ಎಂದರು ಗುರುಸ್ವಾಮಿ.

ಎಂಟು ಮಗ್ಗಗಳಿಗೂ ಪಾಲಮ್ಮ ಅವರವರ ಮನೆಯ ಅಂಗಳದಲ್ಲಿಯೇ ಬಣ್ಣ ಹಾಕಿ ಬಂದಳು. ಹನ್ನೊಂದು ದಿನ ಹಿಡಿಯಿತು, ಬರುವಷ್ಟರಲ್ಲಿ ತೆಲುಗಿನ ನಾಲ್ಕು ಮಾತು ಕಲಿತಿದ್ದಳು. ಚಿತ್ರದುರ್ಗದ ಪೇಂಟರ್ ಬರಲೇ ಇಲ್ಲ. ಆ ವರ್ಷದ ದಸರೆಗೆ ಕಾಮಣ್ಣ, ದೊಡ್ಡ ಮನಸ್ಸು ಮಾಡಿದವನ ಹಾಗೆ, ಇನ್ನು ಮುಂದೆ ಹಿಂದಿನ ಹಲಗೆಯ ಮೂಲೆಯಲ್ಲಿ ನಿನ್ನ ಹೆಸರು ಬರೆದುಕೋ ಎಂದ. ಬೇಡ, ಬರೆದಾಗಿದೆ ಎಂದಳು. ಎಲ್ಲಿ ಎಂದು ಅವನು ಟ್ರೇಲರಿನ ಸುತ್ತ ಎರಡು ಸುತ್ತು ಹಾಕಿದ. ನಾನು ಹೇಳಲಿಲ್ಲ.

ಆ ನೀಲಿ ಹಲಗೆಯಿಂದ ಹಿಡಿದು ಅವಳು ಮುಟ್ಟಿದ ಪ್ರತಿಯೊಂದರ ಒಳಗೂ ಆ ಹೆಸರಿದೆ. ಚಿಕ್ಕೀರಪ್ಪ ಈರುಳ್ಳಿ ಹೇರಿಕೊಂಡು ನನ್ನ ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ನಾನು ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ಆ ನೀಲಿ ಹಲಗೆಯ ನಡುವನ್ನು ನೋಡುತ್ತೇನೆ. ಎರಡು ಮಳೆಗಾಲ ಕಳೆದವು. ಪಾಲಮ್ಮನ ಹೆಸರು ಇನ್ನೂ ಕಂಡಿಲ್ಲ.